ಪುತ್ತೂರು ಸೀಮೆಯ ಅಡಿಕೆಯ ತರಗತಿಗಳು: ಒಂದು ಐತಿಹಾಸಿಕ ವಿವೇಚನೆ

ವಸ್ತುಗಳನ್ನು ಆಕಾರ, ಗಾತ್ರ, ಗುಣಗಳ ಆಧಾರದ ಮೇಲೆ ವಿಂಗಡಿಸಿ ಹೆಸರಿಡುವ ಪದ್ಧತಿ ವಾಣಿಜ್ಯದಷ್ಟೇ ಪ್ರಾಚೀನವಾದುದು. ಅಂತಹ ಹೆಸರುಗಳನ್ನು ಇತಿಹಾಸದ ಆಧಾರಗಳೆಂದು ಪರಿಗಣಿಸುವ ರೂಢಿ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಆದರೆ ಹೆಸರಿಟ್ಟವರು ಯಾರು, ಅದರಿಂದ ಪ್ರಯೋಜನ ಪಡೆದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಅವು ಉತ್ತರ ನೀಡಬಲ್ಲವು.

ಹೊರನಾಡಿನ ಒಂದು ನಿದರ್ಶನವನ್ನು ಮೊದಲು ನೋಡಬಹುದು. ಯೂರೋಪಿನ ಧೂಮಪಾನಿಗಳು ಬಳಸುವ ಬ್ರಯರ್ ಪೈಪು ಮೆಡಿಟರೇನಿಯನ್ ತೀರದ ಒಂದು ಪೊದೆಗಿಡದ ಬೇರುಗಂಟಿನಿಂದ ಕಡೆದು ಮಾಡಿದುದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣವು ಈ ಕಸುಬಿಗೆ ಹೆಸರಾಯಿತು. ಬಿಲಿಯರ್ಡ್, ಆ್ಯಪಲ್, ಬುಲ್‌ಡಾಗ್, ಡಬ್ಲಿನ್ ಮೊದಲಾದುವು ಪೈಪಿನ ಆಕಾರಭೇದಗಳು. ಗಾತ್ರಭೇದವನ್ನು ಲಂಡನ್ನಿನ ಡನ್‌ಹಿಲ್ ಸಂಸ್ಥೆಯು ಸಂಖ್ಯೆಗಳಿಂದ ಸೂಚಿಸಿತು. ಇಲ್ಲಿ ವಸ್ತುವನ್ನು ನಿರ್ಮಿಸಿದವರೇ ಅದರ ತರಗತಿಯನ್ನೂ ನಿರ್ಣಯಿಸುತ್ತಾರೆ. ಗ್ರಾಹಕನು ಅವರ ಹೆಸರುಗಳನ್ನು ಕಲಿತು ಕೊಳ್ಳಬೇಕು. ಪುತ್ತೂರು, ಸುಳ್ಯ ಮತ್ತು ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಕಡಬಗಳ ಮುಖ್ಯ ಬೆಳೆಯಾದ ಅಡಿಕೆಯ ವಿಷಯದಲ್ಲಿ ಈ ಕ್ರಮವು ವಿಪರ್ಯಸ್ತವಾಗಿದೆಯೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡನಾಡಿನ ಅಡಿಕೆಯು ಸಂಸ್ಕರಣದ ದೃಷ್ಟಿಯಿಂದ ಎರಡು ಬಗೆಯದು. ಘಟ್ಟದ ಮೇಲೆ, ವಿಶೇಷವಾಗಿ ಶಿವಮೊಗ್ಗ ಪ್ರಾಂತದಲ್ಲಿ, ಎಳೆಯ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು ಹಿಡಿಸಿ ಒಣಗಿಸುತ್ತಾರೆ. ಇದು ಕೆಂಪಡಿಕೆ. ಕಾಯಿಯ ಬಲಿತದ ಹದವನ್ನನುಸರಿಸಿ ಅಲ್ಲಿ ಸರಕು, ರಾಶಿ, ಬೆಟ್ಟೆ, ಗೊರಬಲು ಎಂಬ ಭೇದಗಳಿವೆ. ಹದವರಿತು ಕೊಯ್ಯುವವನೂ ಬೇಯಿಸುವವನೂ ಬೆಳೆಗಾರನೇ ಆದುದರಿಂದ ಈ ಹೆಸರುಗಳು ಬಹುಮಟ್ಟಿಗೆ ಅವನ ಅಂಗಳದಲ್ಲಿಯೇ ನಿಶ್ಚಿತವಾಗುತ್ತವೆ. ಘಟ್ಟದ ಕೆಳಗೆ, ತುಳುವರು ಬಜ್ಜೆಯಿ ಎನ್ನುವ ಅಡಿಕೆಯನ್ನು ಮರದಲ್ಲಿಯೇ ಹಣ್ಣಾಗಲು ಬಿಟ್ಟು, ಸಿಪ್ಪೆಸಹಿತ ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲಿಗೆ ಒಣಗಿಸಿ, ಬಳಿಕ ಸುಲಿಯುತ್ತಾರೆ. ಇದೇ ಚಾಲಿ. ಇಲ್ಲಿ ಬೆಳೆಗಾರನ ಪಾಲಿನ ಸಂಸ್ಕರಣವು ಒಣಗಿಸಿ ಸುಲಿಯುವುದಕ್ಕೆ ಮುಗಿಯಿತು. ಮುಂದಿನ ವಿಂಗಡಣೆ ಪೇಟೆಗೆ ಬಿಟ್ಟ ವಿಷಯವಾಯಿತು.

ಚಾಲಿಯ ವರ್ಗೀಕರಣದಲ್ಲಿ ಮೂರು ಮಾನದಂಡಗಳು ಒಂದರೊಡನೊಂದು ಬೆರೆತಿವೆ. ಮೊದಲನೆಯದು ದೋಷ. ಪುತ್ತೂರಿನ ಅಂಗಡಿಗಳಲ್ಲಿ ಒಳ್ಳೆಯ ಅಡಿಕೆಯಿಂದ ಬೇರ್ಪಡಿಸಿದ ಕೆಳತರಗಳಿಗೆ ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂಬ ಹೆಸರುಗಳಿವೆ. ಇವುಗಳಲ್ಲಿ ಕರಿಗೋಟು ಎಂಬುದು ಮೈ ಕಪ್ಪಾದ ಗೋಟಡಿಕೆಯೆಂದು ಕನ್ನಡಿಗನಿಗೆ ಹೇಳಬೇಕಾದುದಿಲ್ಲ. ಉಳ್ಳಿಗಡ್ಡೆ ಎಂಬ ಪದವು ಕುತೂಹಲಕರವಾದುದು. ಪುತ್ತೂರಿನ ಅಡುಗೆಮನೆಯಲ್ಲಿ ಅದಕ್ಕೆ ನೀರುಳ್ಳಿಯೆಂದು ಹೆಸರು. ಉಳ್ಳಾಗಡ್ಡಿ ಎಂಬ ರೂಪ ಬಳಕೆಯಲ್ಲಿರುವುದು ಉತ್ತರದ ಕನ್ನಡ ಜಿಲ್ಲೆಗಳಲ್ಲಿ. ಮನೆಯಲ್ಲಿ ಬಳಸದ ಮಾತು ಮನೆಯ ಬೆಳೆಗೆ ಅಂಟಿಕೊಂಡಿರುವುದು ಗಮನಾರ್ಹ.

ಎರಡನೆಯ ಮಾನದಂಡ ಗಾತ್ರ. ಆರಿಸಿದ ಚಾಲಿಯನ್ನು ಜರಡಿ ಹಿಡಿದು ದೊಡ್ಡದರಿಂದ ಚಿಕ್ಕದರವರೆಗೆ ಮೋಟಿ, ಶ್ರೀವರ್ಧನ, ಜಾಮ್, ಜೀಣಿ ಎಂದು ವಿಂಗಡಿಸುವುದು ವ್ಯಾಪಾರಿಗಳ ಕ್ರಮ. ಈ ನಾಲ್ಕು ಪದಗಳಲ್ಲಿ ಒಂದೂ ಕನ್ನಡವಲ್ಲ, ತುಳುವೂ ಅಲ್ಲ. ಗುಜರಾತಿ ಭಾಷೆಯಲ್ಲಿ ಮೋಟಿ ಎಂದರೆ ದೊಡ್ಡದು, ಝೀಣಿ ಎಂದರೆ ಸಣ್ಣದು. ಆ ಭಾಷೆಯಲ್ಲಿ ಅಡಿಕೆಯ ವಾಚಕವಾದ ಸೋಪಾರಿ ಶಬ್ದವು ಸ್ತ್ರೀಲಿಂಗ. ಅದಕ್ಕೆ ಹೊಂದಿಕೊಂಡು ವಿಶೇಷಣಗಳೂ ಸ್ತ್ರೀಲಿಂಗದ ಈಕಾರವನ್ನು ತಳೆದಿವೆ. ಜಾಮ್ ಎಂಬುದು ಸೌರಾಷ್ಟ್ರದ ಜಾಮ್‌ನಗರದ ಹೆಸರು. ಶ್ರೀವರ್ಧನವು ಅಡಿಕೆಗೆ ಪ್ರಸಿದ್ಧವಾದ ಕೊಂಕಣ ಕರಾವಳಿಯ ಊರು. ನಮ್ಮ ಚಾಲಿಗೆ ಗುಜರಾತು ಬಹುಕಾಲದಿಂದ ದೊಡ್ಡ ಮಾರುಕಟ್ಟೆ. ಕೊಳ್ಳುವ ನಾಡಿನ ವ್ಯಾಕರಣವೇ ಬೆಳೆಯುವ ನಾಡಿನ ಗೋದಾಮಿನಲ್ಲಿ ಉಳಿದುಕೊಂಡಿದೆ. ಯಾವ ಗಾತ್ರವು ಯಾವ ಪೇಟೆಗೆ ಸಲ್ಲುವುದೆಂಬ ತಿಳಿವಳಿಕೆ ವರ್ತಕನಲ್ಲಿತ್ತು. ಬೆಳೆಗಾರನು ಗಾತ್ರ ಬೆರಕೆಯಾದ ಚೀಲವನ್ನು ಒಂದೇ ಧಾರಣೆಗೆ ಕೊಟ್ಟು ಮನೆಗೆ ಮರಳುತ್ತಿದ್ದನು.

ಮೂರನೆಯ ಮಾನದಂಡವು ವಯಸ್ಸು. ಇತಿಹಾಸಕಾರನಿಗೆ ಇದೇ ಮುಖ್ಯವಾದುದು. ಆ ವರ್ಷದ ಕೊಯ್ಲಿನದು ಹೊಸ ಅಡಿಕೆ. ವರ್ಷ ಕಳೆದರೆ ಸಿಂಗಲ್ ಚೋಲ್, ಇನ್ನೊಂದು ವರ್ಷ ಕಳೆದರೆ ಡಬಲ್ ಚೋಲ್. ಇಟ್ಟ ಅಡಿಕೆಗೆ ಸಾಮಾನ್ಯವಾಗಿ ಹೆಚ್ಚಿನ ಧಾರಣೆ ದೊರೆಯುತ್ತದೆ. ಗಾತ್ರವು ಮರದ ಜಾತಿಯನ್ನೂ ಮಣ್ಣನ್ನೂ ಅವಲಂಬಿಸಿದುದು. ದೋಷವು ಮಳೆ, ರೋಗ, ಒಣಗಿಸಿದ ಕ್ರಮಗಳನ್ನು ಅವಲಂಬಿಸಿದುದು. ಚೋಲ್ ಆಗುವುದಕ್ಕೆ ಮಾತ್ರ ಉಗ್ರಾಣದಲ್ಲಿ ಸ್ಥಳ ಬೇಕು, ಅಡಿಕೆ ಮಾರದೆಯೂ ವರ್ಷದ ಖರ್ಚು ಸಾಗಬೇಕು. ಆದುದರಿಂದ ಡಬಲ್ ಚೋಲ್ ಎಂಬ ಹೆಸರು ಅಡಿಕೆಯೊಂದಿಗೆ ಅದರ ಒಡೆಯನ ಸ್ಥಿತಿಯನ್ನೂ ಅಳೆಯುತ್ತದೆ. ಮಗಳ ಮದುವೆಗೋ ಹಳೆಯ ಸಾಲಕ್ಕೋ ಹಣ ಬೇಕಾದವನ ಅಡಿಕೆ ಎಷ್ಟು ಉತ್ತಮವಾಗಿದ್ದರೂ ಆ ತರಗತಿಯನ್ನು ಅವನ ಕೈಯಲ್ಲಿ ಮುಟ್ಟಲಾರದು. ಅದೇ ಅಡಿಕೆ ವರ್ತಕನ ಗೋದಾಮಿನಲ್ಲಿ ಎರಡು ವರ್ಷ ಕುಳಿತರೆ ಆ ಹೆಸರನ್ನು ಪಡೆಯುತ್ತದೆ.

ಕಾದಿರಿಸುವ ಶಕ್ತಿ ಹೇಗೆ ಕುಂದುತ್ತದೆಂಬುದಕ್ಕೆ ಈ ಸೀಮೆಯ ರಾಜಕೀಯ ಇತಿಹಾಸದಲ್ಲಿ ಒಂದು ಪ್ರಸಂಗವಿದೆ. ಪುತ್ತೂರು, ಅಮರಸುಳ್ಯ ಮಾಗಣೆಗಳು 1834ರವರೆಗೆ ಕೊಡಗಿನ ಅರಸರ ವಶದಲ್ಲಿದ್ದು, ಆ ವರ್ಷ ಕೊಡಗು ಕಂಪೆನಿ ಸರಕಾರದ ಅಧೀನವಾದಾಗ ಕೆನರಾ ಜಿಲ್ಲೆಗೆ ಸೇರಿದುವು. ಅದುವರೆಗೆ ಉತ್ಪನ್ನದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಗಿ ಬಂದುದು 1837ರ ಅಮರಸುಳ್ಯ ಬಂಡಾಯದ ಕಾರಣಗಳಲ್ಲೊಂದೆಂದು ವಿದ್ವಾಂಸರು ಎಣಿಸಿದ್ದಾರೆ. ಆ ಬಂಡಾಯಕ್ಕೂ ಅಡಿಕೆಯ ತರಗತಿಗಳಿಗೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಆದರೆ ನಗದು ಕಂದಾಯಕ್ಕೆ ಗಡುವಿರುತ್ತದೆ. ಗಡುವಿದ್ದವನು ಕೊಯ್ಲಿನ ಬೆನ್ನಿಗೇ ಮಾರಬೇಕಾಗುತ್ತದೆ. ಎಲ್ಲರೂ ಒಮ್ಮೆಗೇ ಮಾರಿದಾಗ ಧಾರಣೆ ಇಳಿಯುತ್ತದೆ. ಈ ಸರಪಳಿಯ ಮೊದಲ ಕೊಂಡಿ ಈ ಸೀಮೆಯಲ್ಲಿ ಬಿದ್ದುದು ಆ ವರ್ಷಗಳಲ್ಲಿ ಎಂದು ಮಾತ್ರ ಹೇಳಬಹುದು.

ಸರಪಳಿಯನ್ನು ಸಡಿಲಿಸುವ ಯತ್ನವೂ ಪುತ್ತೂರಿನಲ್ಲಿಯೇ ಆರಂಭವಾಯಿತು. ಮೊಳಹಳ್ಳಿ ಶಿವರಾಯರ ನೇತೃತ್ವದಲ್ಲಿ ಸಹಕಾರ ಚಳುವಳಿ ಇಲ್ಲಿ ಬೇರೂರಿ, ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾಯಿತು. ಅನಂತರ ಅದು ಮಂಗಳೂರಿಗೆ ಸ್ಥಳಾಂತರ ಹೊಂದಿತು. ಸಾಲ ದೊರೆತರೆ ರೈತನು ಕಾಯಬಲ್ಲನು. ಆದರೆ ತರಗತಿಯನ್ನು ನಿರ್ಣಯಿಸುವ ಅಧಿಕಾರವು ಸಾಲದಿಂದ ಬರುವಂತಹುದಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ತೀವ್ರವಾಗಿ ಕುಸಿದಾಗ ಈ ಕೊರತೆ ಸ್ಪಷ್ಟವಾಯಿತು. ಅದರ ಪರಿಣಾಮವಾಗಿ 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನೊಳಗೊಂಡು, ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರಾಗಿ, ಕ್ಯಾಂಪ್ಕೊ ಎಂದು ಪ್ರಸಿದ್ಧವಾದ ಅಡಿಕೆ ಮಾರಾಟ ಸಹಕಾರ ಸಂಸ್ಥೆಯು ಮಂಗಳೂರಿನಲ್ಲಿ ಹುಟ್ಟಿತು. ಬೆಳೆಗಾರರ ಸಂಸ್ಥೆಯೊಂದು ತಾನೇ ಕೊಂಡು, ತಾನೇ ವಿಂಗಡಿಸಿ, ದೂರದ ಪೇಟೆಗಳಲ್ಲಿ ತಾನೇ ಮಾರುವ ಕ್ರಮವು ಇದರಿಂದ ನೆಲೆಗೊಂಡಿತು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟುಗಳ ಧಾರಣೆ ಪತ್ರಿಕೆಗಳಲ್ಲಿ ಪ್ರಕಟವಾಗುವುದು ಇಂದು ಸಾಮಾನ್ಯ ಸಂಗತಿ. ಮನೆಯಿಂದ ಹೊರಡುವ ಮೊದಲೇ ತನ್ನ ಚೀಲದ ಬೆಲೆಯನ್ನು ರೈತನು ಅಂದಾಜು ಮಾಡಬಲ್ಲನು. ಸಂಸ್ಥೆಯು ಹಳೆಯ ಹೆಸರುಗಳನ್ನು ಬದಲಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಹೆಸರು ವರ್ತಕನದೇ ಉಳಿಯಿತು. ತಕ್ಕಡಿಯ ಬದಿಯಲ್ಲಿ ಬೆಳೆಗಾರನ ಪ್ರತಿನಿಧಿಯೂ ನಿಂತನು.

ಈ ನಡುವೆ ವಿಜ್ಞಾನಿಗಳೂ ತಮ್ಮದೊಂದು ವರ್ಗೀಕರಣವನ್ನು ತಂದರು. ಪುತ್ತೂರಿಗೆ ಸಮೀಪದ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನ ಕೇಂದ್ರವು ಚೀನಾ ಮೂಲದ ತಳಿಯಿಂದ ಆರಿಸಿದ ‘ಮಂಗಳ’ವನ್ನು 1972ರಲ್ಲಿ ಬಿಡುಗಡೆ ಮಾಡಿತು. ಮುಂದೆ ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ತಳಿಗಳು ಬಂದುವು. ಇಲ್ಲಿ ಮರದ ಎತ್ತರ, ಫಲ ಬಿಡುವ ಪ್ರಾಯ, ಇಳುವರಿಗಳು ಲಕ್ಷಣಗಳು. ಆದರೆ ತೋಟದಲ್ಲಿ ಮಂಗಳವಾದುದು ಅಂಗಡಿಯಲ್ಲಿ ಮಂಗಳವಾಗಿ ಮಾರಾಟವಾಗುವುದಿಲ್ಲ. ಅಲ್ಲಿ ಅದು ಹೊಸ ಅಡಿಕೆ ಅಥವಾ ಚೋಲ್. ಎರಡು ವರ್ಗೀಕರಣಗಳು ಒಂದೇ ಅಡಿಕೆಯ ಮೇಲೆ ಪರಸ್ಪರ ಪರಿಚಯವಿಲ್ಲದೆ ನೆಲೆಸಿವೆ.

ಇನ್ನೊಂದು ವರ್ಗೀಕರಣವನ್ನು ಮರೆಮಾಚುವುದು ಉಚಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕಿನ ಧೂಮವೂ ಅದೇ ಗುಂಪಿನಲ್ಲಿದೆ. ಪೈಪು, ಅಡಿಕೆಗಳೆರಡೂ ಕೊನೆಗೆ ಒಂದೇ ಪಟ್ಟಿಯಲ್ಲಿ ಸಂಧಿಸಿದಂತಾಯಿತು. ಇತ್ತ ಸುಳ್ಯದ ತೋಟಗಳಲ್ಲಿ ಹಳದಿ ಎಲೆ ರೋಗವು ಹಬ್ಬಿ, ರೋಗ ತಗಲಿದ ಮರದ ಅಡಿಕೆಯ ತಿರುಳು ಬಣ್ಣಗೆಟ್ಟು ಕೆಳತರಕ್ಕೆ ಇಳಿಯುತ್ತಿದೆ. ಈ ಸೀಮೆಯ ಬೆಳೆಗಾರನ ಬಾಳ್ವೆ ಹೀಗೆ ಹಲವು ಪಟ್ಟಿಗಳ ನಡುವೆ ಸಾಗಿದೆ. ಅವುಗಳಲ್ಲಿ ಅವನು ಸ್ವತಃ ಬರೆದುದು ಅತ್ಯಲ್ಪ.

ಈವರೆಗಿನ ವಿವೇಚನೆಯಿಂದ ಸಿದ್ಧವಾಗುವ ಸಂಗತಿ ಇಷ್ಟು. ಚಾಲಿಯ ತರಗತಿಗಳು ಕೇವಲ ವಸ್ತುಗುಣದ ವರ್ಣನೆಯಲ್ಲ. ಗಾತ್ರದ ಹೆಸರುಗಳು ಕೊಳ್ಳುವವನ ನಾಡನ್ನೂ, ವಯಸ್ಸಿನ ಹೆಸರುಗಳು ಮಾರುವವನ ಆರ್ಥಿಕ ಸ್ಥಿತಿಯನ್ನೂ ಸೂಚಿಸುತ್ತವೆ. ಕೈಯಲ್ಲಿ ವಿಂಗಡಿಸುತ್ತಿದ್ದ ಕೆಲಸವನ್ನು ಯಂತ್ರಗಳು ವಹಿಸಿಕೊಳ್ಳುತ್ತಿರುವ ಈ ಕಾಲದಲ್ಲಿ, ಅಡಿಕೆಯನ್ನು ಬೆರಳ ತುದಿಯಲ್ಲಿ ಹೊರಳಿಸಿ, ಅಡಕತ್ತರಿಯಲ್ಲಿ ಸೀಳಿ ತರಗತಿ ಹೇಳಬಲ್ಲ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರ ಬಾಯಲ್ಲಿರುವ ಪದಗಳನ್ನು ಅರ್ಥಸಹಿತವಾಗಿ ಸಂಗ್ರಹಿಸುವ ಕಾರ್ಯವನ್ನು ಈ ಭಾಗದ ವಿದ್ಯಾರ್ಥಿಗಳು ಕೈಗೊಂಡರೆ, ಕಡತಗಳಲ್ಲಿ ದೊರೆಯದ ಒಂದು ಶತಮಾನದ ವಾಣಿಜ್ಯೇತಿಹಾಸವು ನಮಗೆ ಲಭ್ಯವಾಗುವುದು.