ಸೊನ್ನೆಯೋ ಕಲ್ಲುಹೂವೋ? ಶಾಸನದ ಫೋಟೋದಲ್ಲಿ ಬಣ್ಣದ ಲೆಕ್ಕ

ಹಿರೇಕೆರೂರು ಸೀಮೆಯಲ್ಲಿ ಶಾಸನ ಹುಡುಕಿಕೊಂಡು ಓಡಾಡುವವರಿಗೆ ಕಲ್ಲಿನ ಬರ ಇಲ್ಲ. ಹಳೆಯ ಧಾರವಾಡ ಜಿಲ್ಲೆಯ ‘ಕೋಡ ತಾಲ್ಲೂಕು’ ಅಂತ ಜೆ. ಎಫ್. ಫ್ಲೀಟ್ ಬರೆದಿದ್ದು ಇದೇ ಸೀಮೆಯನ್ನು. ಇಲ್ಲಿನ ಅಬ್ಬಲೂರಿನ ಶಾಸನಗಳನ್ನು ಅವರು ಎಪಿಗ್ರಾಫಿಯಾ ಇಂಡಿಕಾದ 5ನೇ ಸಂಪುಟದಲ್ಲಿ (1898–99) ಪ್ರಕಟಿಸಿದರು. ಏಕಾಂತದ ರಾಮಯ್ಯನ ಕಥೆ ಹೇಳುವ ಪ್ರಸಿದ್ಧ ಶಾಸನವೂ ಅದರಲ್ಲೇ ಇದೆ. ಇವತ್ತು ಹೇಳಹೊರಟಿರುವುದು ಅಂಥ ಹೆಸರುವಾಸಿ ಕಲ್ಲಿನ ವಿಷಯ ಅಲ್ಲ. ಅದೇ ಸೀಮೆಯ ಒಂದು ಸಣ್ಣ ದಾನಶಾಸನ ಮತ್ತು ನಾನು ಮಾಡಿಕೊಂಡ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ, ಸಂಜೆ ಹೊತ್ತು, ಬಿದ್ದ ಗುಡಿಯ ಪಕ್ಕ ನಿಂತಿದ್ದ ಆ ಕಲ್ಲಿನ ಫೋಟೋ ಮೊಬೈಲಿನಲ್ಲಿ ತೆಗೆದೆ. ಅಕ್ಷರ ಎದ್ದು ಕಾಣಲಿ ಅಂತ ಅಲ್ಲೇ ಕಾಂಟ್ರಾಸ್ಟ್ ಏರಿಸಿ, ಕಪ್ಪು-ಬಿಳುಪು ಮಾಡಿ, ಮೂಲ ಫೈಲಿನ ಮೇಲೆಯೇ ಸೇವ್ ಮಾಡಿಬಿಟ್ಟೆ. ಮನೆಗೆ ಬಂದು ಓದಿದಾಗ ಒಂದು ಸಾಲಿನ ಕೊನೆಯಲ್ಲಿ ‘ಬಿಟ್ಟಂ’ ಅಂತ ಸ್ಪಷ್ಟವಾಗಿ ಕಂಡಿತು. ಖುಷಿಯಾಯಿತು. ಹಿರಿಯರೊಬ್ಬರಿಗೆ ಕಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಆ ಸೊನ್ನೆ ಉಳಿಯಿಂದ ಬಿದ್ದದ್ದೋ, ಕಲ್ಲುಹೂವೋ?”

ಹಳಗನ್ನಡದಲ್ಲಿ ಈ ಒಂದು ಸೊನ್ನೆಯ ಬೆಲೆ ದೊಡ್ಡದು. ‘ಬಿಟ್ಟಂ’ ಅಂದರೆ ಅವನು ದಾನ ಬಿಟ್ಟನು, ವಾಕ್ಯ ಅಲ್ಲಿಗೆ ಮುಗಿಯಿತು. ‘ಬಿಟ್ಟ’ ಅಂದರೆ ಮಾತು ಮುಂದಿನ ಸಾಲಿಗೆ ಹರಿಯುತ್ತದೆ: ಅವನು ಬಿಟ್ಟ ಗದ್ದೆ, ಅವನು ಬಿಟ್ಟ ತೋಟ. ಮುಂದಿನ ಸಾಲಿನ ಭೂಮಿ ಅದೇ ದಾನಿಯದೋ ಬೇರೆಯವನದೋ ಅನ್ನುವುದು ಇಲ್ಲಿ ಆ ಚುಕ್ಕೆಯ ಮೇಲೆ ನಿಂತಿತ್ತು.

ಕಲ್ಲಿನ ಮೇಲೆ ಬೆಳೆಯುವ ಕಲ್ಲುಹೂವು ಎಷ್ಟೋ ಸಲ ದುಂಡಗೇ ಇರುತ್ತದೆ, ಸೊನ್ನೆಯಷ್ಟೇ ಗಾತ್ರದಲ್ಲಿ. ಬಣ್ಣದಲ್ಲಿ ನೋಡಿದರೆ ಬೂದು-ಹಸಿರೋ ಹಳದಿಯೋ ಅಂತ ಕೂಡಲೇ ಗೊತ್ತಾಗುತ್ತದೆ. ಬಣ್ಣ ತೆಗೆದು ಕಾಂಟ್ರಾಸ್ಟ್ ಏರಿಸಿದರೆ ಎರಡೂ ಒಂದೇ. ನನ್ನ ಫೋಟೋದಲ್ಲಿ ಆಗಿದ್ದು ಅದೇ. ಅನುಮಾನ ಬಗೆಹರಿಸೋಣ ಅಂತ ಮತ್ತೆ ಹೋದರೆ, ಕಲ್ಲಿಗೆ ಪೂರ್ತಿ ಎಣ್ಣೆಬಣ್ಣ ಬಳಿದಿದ್ದರು. “ಜಾತ್ರಿ ಇತ್ರಿ, ಚೊಲೊ ಕಾಣ್ಲಿ ಅಂತ ಹಚ್ಚೇವ್ರಿ” ಅಂದರು ಊರವರು. ಅವರದು ಭಕ್ತಿ, ಅವರನ್ನು ಏನನ್ನುವುದು? ಬಣ್ಣ ಅಳಿಸಿದ್ದು ನಾನೇ ಮೊದಲು.

ಶಾಸನದ ಪ್ರತಿಗೆ ಬಣ್ಣ ಇಲ್ಲದಿರುವುದು ಹೊಸದೇನಲ್ಲ. 1855ರಲ್ಲಿ ಬೊಂಬಾಯಿ ಸರ್ಕಾರ ಬಿಗ್ಸ್ ಅವರನ್ನು, ಆಮೇಲೆ ಡಾ. ಪಿಗೋ ಅವರನ್ನು ನಮ್ಮ ಕಡೆಯ ಗುಡಿ, ಶಾಸನಗಳ ಫೋಟೋ ತೆಗೆಯಲು ನೇಮಿಸಿತ್ತು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲಿನ 1866ರ ದೊಡ್ಡ ಪುಸ್ತಕದಲ್ಲಿ ಇವರ ಚಿತ್ರಗಳಿವೆ. ಆ ಕಾಲದ ಕೊಲೋಡಿಯನ್ ಗಾಜಿನ ತಟ್ಟೆಗೆ ಕಾಣುತ್ತಿದ್ದುದು ಮುಖ್ಯವಾಗಿ ನೀಲಿ ಬೆಳಕು. ಕುಂಕುಮ, ಹಳದಿ ಕಲ್ಲುಹೂವು ಎಲ್ಲ ಕಪ್ಪಾಗಿ ಬೀಳುತ್ತಿದ್ದವು. ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಮಸಿಯ ಪಡಿಯಚ್ಚಿನಲ್ಲೂ ಕೆತ್ತಿದ ಗೆರೆ ಬಿಳಿ, ಕಲ್ಲು ಚಕ್ಕೆ ಎದ್ದ ಜಾಗವೂ ಬಿಳಿ. ಆದರೆ ಅವರ ಪ್ರತಿಯಲ್ಲಿ ಅನುಮಾನ ಬಂದರೆ ಹೋಗಿ ನೋಡಲು ಮೂಲ ಕಲ್ಲು ಇತ್ತು. ಈಗ ಕಲ್ಲಿನ ಮೇಲೆ ಎಣ್ಣೆಬಣ್ಣ, ಸಿಮೆಂಟು, ಜೀರ್ಣೋದ್ಧಾರ. ಎಷ್ಟೋ ಕಡೆ ನಮ್ಮ ಫೋಟೋನೇ ಮೂಲ. ಹಾಗಾಗಿ ಅದರ ಬಣ್ಣ ಸುಳ್ಳು ಹೇಳಬಾರದು.

ಮೊದಲ ಸುಳ್ಳು ಶುರುವಾಗುವುದು ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ. ಚಿತ್ರದ ತುಂಬ ಒಂದೇ ಬಣ್ಣ ಇದ್ದರೆ ಅದು ಬೆಳಕಿನ ದೋಷ ಅಂತ ಕ್ಯಾಮೆರಾ ತಿಳಿದು ‘ಸರಿ’ ಮಾಡಲು ಹೋಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಸಪ್ಪೆಯಾಗುತ್ತದೆ. ನಮ್ಮ ಕಡೆಯ ಹಸಿರು ಛಾಯೆಯ ಬಳಪದ ಕಲ್ಲು ನಸುಗೆಂಪಿಗೆ ತಿರುಗುತ್ತದೆ. ಇದಕ್ಕೆ ಉಪಾಯ ಸುಲಭ. ಕಲ್ಲಿನ ಮೇಲೆ ಬೀಳುವ ಅದೇ ಬೆಳಕಿನಲ್ಲಿ ಗ್ರೇ ಕಾರ್ಡ್ ಹಿಡಿದು ಒಂದು ಫೋಟೋ ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಆ ಬೂದು ಬಣ್ಣವನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದವನ್ನು ಸರಿಪಡಿಸಬಹುದು. ಬಿಳಿ ಹಾಳೆ ಬೇಡ. ಹಾಳೆ ಬೆಳ್ಳಗೆ ಕಾಣಲೆಂದು ಹಾಕುವ ರಾಸಾಯನಿಕದಿಂದ ಅದು ನೀಲಿ ಸೂಸುತ್ತದೆ.

ಎರಡನೆಯದು ಬಣ್ಣದ ಪ್ರೊಫೈಲ್. ಫೈಲಿನೊಳಗೆ ಇರುವುದು ಬರೀ ಅಂಕಿಗಳು. ಆ ಅಂಕಿ ಯಾವ ಬಣ್ಣ ಅಂತ ಹೇಳುವುದು ಪ್ರೊಫೈಲ್: 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಸ್‌ಆರ್‌ಜಿಬಿ, 1998ರ ಅಡೋಬ್ ಆರ್‌ಜಿಬಿ, ಕೆಲವು ಮೊಬೈಲುಗಳಲ್ಲಿ ಡಿಸ್‌ಪ್ಲೇ ಪಿ3. ಅಡೋಬ್ ಆರ್‌ಜಿಬಿ ಚಿತ್ರದಿಂದ ಪ್ರೊಫೈಲ್ ಉದುರಿಹೋದರೆ ಬಣ್ಣ ಸಪ್ಪೆಯಾಗಿ ಕಾಣುತ್ತದೆ. ನಾವು ಅದನ್ನು ಕಂಡು ‘ಫೋಟೋ ಡಲ್ ಇದೆ’ ಅಂತ ಸ್ಯಾಚುರೇಶನ್ ಏರಿಸಿ ಇನ್ನಷ್ಟು ಕೆಡಿಸುತ್ತೇವೆ. ಹಂಚುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ‘ಕನ್ವರ್ಟ್’ ಮಾಡಿ, ಪ್ರೊಫೈಲ್ ಸೇರಿಸಿಯೇ ಉಳಿಸಿ. ‘ಅಸೈನ್’ ಬೇರೆ. ಕನ್ವರ್ಟ್ ಬಣ್ಣ ಉಳಿಸಿಕೊಳ್ಳಲು ಅಂಕಿ ಬದಲಿಸುತ್ತದೆ, ಅಸೈನ್ ಅಂಕಿ ಹಾಗೇ ಇಟ್ಟು ಬಣ್ಣ ಬದಲಿಸುತ್ತದೆ.

ಮೂರನೆಯದು ಸೇವ್ ಮಾಡುವ ಬಗೆ. ನಮಗೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲೇ. ಜೆಪಿಇಜಿ ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಬೆಳಕು-ನೆರಳಿನ ವಿವರ ಉಳಿಸಿಕೊಂಡು ಬಣ್ಣದ ವಿವರವನ್ನು ಹೆಚ್ಚಾಗಿ ಕಾಲು ಭಾಗಕ್ಕೆ ಇಳಿಸುತ್ತದೆ. ಅಂದರೆ ಸೊನ್ನೆಯನ್ನೂ ಕಲ್ಲುಹೂವನ್ನೂ ಬೇರೆ ಮಾಡುವ ಸಣ್ಣ ಬಣ್ಣದ ವ್ಯತ್ಯಾಸ ಇದೆಯಲ್ಲ, ಅದು ಕರಗುವುದೇ ಮೊದಲು. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಂತೆ ನಷ್ಟ ಕೂಡುತ್ತಾ ಹೋಗುತ್ತದೆ. ಜೆಪಿಇಜಿಯಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್‌ನ ರಾ ಫೈಲಿನಲ್ಲಿ 4096, 14 ಬಿಟ್‌ನದರಲ್ಲಿ 16,384. ಹಲವು ಮೊಬೈಲುಗಳ ಪ್ರೊ ಮೋಡ್‌ನಲ್ಲೂ ರಾ ಸಿಗುತ್ತದೆ.

ನಾನೀಗ ಪ್ರತಿ ಕಲ್ಲಿಗೂ ಮೂರು ಫೈಲ್ ಇಡುತ್ತೇನೆ. ಮುಟ್ಟದ ರಾ ಒಂದು, ಅದು ಎರಡು ಕಡೆ ಇರುತ್ತದೆ. ಗ್ರೇ ಕಾರ್ಡ್‌ಗೆ ಹೊಂದಿಸಿದ 16 ಬಿಟ್‌ನ ಟಿಫ್ ಒಂದು, ಇದು ದಾಖಲೆ. ಅದರಿಂದ ತೆಗೆದ ಜೆಪಿಇಜಿ ಒಂದು. ಇದು ಓದಲು, ಹಂಚಲು. ಓದುವ ಪ್ರತಿಯಲ್ಲಿ ಏನು ಬೇಕಾದರೂ ಮಾಡಿ: ಕಪ್ಪು-ಬಿಳುಪು ಮಾಡಿ, ಕುಂಕುಮ ಬಿದ್ದಿದ್ದರೆ ಕೆಂಪು ಚಾನೆಲ್ ಮಾತ್ರ ನೋಡಿ, ಕಲೆ ಎಷ್ಟೋ ತಿಳಿಯಾಗುತ್ತದೆ. ಶಿಲಾಚಿತ್ರದವರು ಬಳಸುವ ಡಿಸ್ಟ್ರೆಚ್ ಕೂಡ ಹಾಕಿ ನೋಡಬಹುದು. ಆದರೆ ಫೈಲಿನ ಹೆಸರಿನಲ್ಲೇ ‘ತಿದ್ದಿದ್ದು’ ಅಂತ ಇರಲಿ. ತಿದ್ದುವಾಗ ಪರದೆಯ ರಾತ್ರಿ ಮೋಡ್ ಆರಿಸಿರಲಿ. ಅದು ಹಳದಿ ಸುರಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.

ಆ ದಾನಶಾಸನದ ನನ್ನ ಓದಿನಲ್ಲಿ ಈಗ ‘ಬಿಟ್ಟ[ಂ]’ ಅಂತ ಇದೆ. ಸಂದೇಹದ ಅಕ್ಷರವನ್ನು ಚೌಕ ಕಂಸದಲ್ಲಿ ಇಡುವುದು ನಮ್ಮಲ್ಲಿ ರೂಢಿ. ಎಣ್ಣೆಬಣ್ಣ ಎಂದಾದರೂ ಉದುರುವವರೆಗೆ ಆ ಕಂಸ ತೆಗೆಯುವ ಹಾಗಿಲ್ಲ. ನಿಮ್ಮ ಊರಿನ ಕಲ್ಲಿಗೆ ಇನ್ನೂ ಬಣ್ಣ ಬಿದ್ದಿಲ್ಲವಾದರೆ ಈ ವಾರವೇ ಹೋಗಿ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಗ್ರೇ ಕಾರ್ಡ್ ಇರಲಿ, ಮೂಲ ಫೈಲನ್ನು ಮಾತ್ರ ಮುಟ್ಟಬೇಡಿ.