ಅಂತ್ರವೃದ್ಧಿ ಚಿಕಿತ್ಸೆಯಲ್ಲಿ ಮಾರ್ಗಾವರೋಧ: ಒಂದು ಚಾರಿತ್ರಿಕ ಅವಲೋಕನ

ಆನವಟ್ಟಿಯ ದಕ್ಷಿಣಕ್ಕೆ, ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆಯು ಮಧ್ಯಕಾಲೀನ ಕರ್ನಾಟಕದ ಪ್ರಸಿದ್ಧ ವಿದ್ಯಾಕೇಂದ್ರಗಳಲ್ಲೊಂದು. ಅಲ್ಲಿನ ಕೋಡಿಯಮಠವನ್ನು ಕುರಿತ ಕ್ರಿ.ಶ. 1162ರ ಶಾಸನವು ಆ ಮಠವನ್ನು ಶಾಸ್ತ್ರಾಧ್ಯಯನದ ನೆಲೆಯೆಂದಷ್ಟೇ ಅಲ್ಲದೆ, ದೀನರಿಗೂ ಅನಾಥರಿಗೂ ಅನ್ನವನ್ನು, ರೋಗಿಗಳಿಗೆ ಔಷಧೋಪಚಾರವನ್ನು ನೀಡುವ ಸ್ಥಾನವೆಂದೂ ವರ್ಣಿಸುತ್ತದೆ. ಇದು ಈ ಪರಿಸರದ ವೈದ್ಯಸೇವೆಗೆ ಸಾಕ್ಷ್ಯವೇ ಹೊರತು ನಿರ್ದಿಷ್ಟ ಶಸ್ತ್ರಕ್ರಿಯೆಗೆ ಅಲ್ಲ. ಅದಕ್ಕೆ ಸಂಹಿತೆಗಳನ್ನೇ ನೋಡಬೇಕಾಗುತ್ತದೆ.

ಇಂದು ಹರ್ನಿಯಾ ಎನಿಸಿಕೊಳ್ಳುವ ತೊಡೆಸಂದಿನ ಬಾವನ್ನು ಸುಶ್ರುತಸಂಹಿತೆಯು ಏಳು ವೃದ್ಧಿರೋಗಗಳಲ್ಲಿ ಒಂದಾದ ಅಂತ್ರವೃದ್ಧಿಯೆಂದು ಗುರುತಿಸುತ್ತದೆ. ಭಾರ ಹೊರುವುದು, ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಇದರ ಕಾರಣಗಳು. ಒತ್ತಿದಾಗ ಬಾವು ಮೇಲಕ್ಕೆ ಸರಿದು, ಬಿಟ್ಟೊಡನೆ ಮತ್ತೆ ಉಬ್ಬುತ್ತದೆ ಎಂಬ ಲಕ್ಷಣವೂ ಅಲ್ಲಿದೆ. ರೋಗವನ್ನು ಅಸಾಧ್ಯವೆಂದು ಎಣಿಸಿದರೂ, ಅದು ವೃಷಣಕ್ಕೆ ಇಳಿಯುವ ಮುನ್ನ ಅರ್ಧಚಂದ್ರಾಕಾರದ ಶಲಾಕೆಯಿಂದ ತೊಡೆಸಂದಿನಲ್ಲಿ ಸುಡಬೇಕೆಂಬ ವಿಧಿಯಿದೆ. ಮಾರ್ಗವನ್ನು ತಡೆಯುವುದೇ ಇದರ ಉದ್ದೇಶವೆಂಬುದು ಗಮನಾರ್ಹ.

ಇದೇ ಉದ್ದೇಶವು ಆಧುನಿಕ ಶಸ್ತ್ರವೈದ್ಯದಲ್ಲಿ ಹೊಲಿಗೆಯ ಮೂಲಕ ಸಾಧ್ಯವಾಯಿತು. ಇಟಲಿಯ ಎಡೊಆರ್ಡೊ ಬಸ್ಸೀನಿ 1887ರಲ್ಲಿ ಮಂಡಿಸಿದ ವಿಧಾನದಲ್ಲಿ ಉದರಭಿತ್ತಿಯ ಒಳಪದರಗಳನ್ನು ತೊಡೆಸಂದಿನ ತಂತುಬಂಧಕ್ಕೆ ಹೊಲಿಯಲಾಗುತ್ತಿತ್ತು. ಕೆನಡಾದ ಶೋಲ್ಡೈಸ್, ಟೊರಾಂಟೊದಲ್ಲಿ 1945ರಲ್ಲಿ ತೆರೆದ ಆಸ್ಪತ್ರೆಯ ಮೂಲಕ ಪದರದ ಮೇಲೆ ಪದರ ಹೊಲಿಯುವ ಕ್ರಮವನ್ನು ರೂಢಿಗೆ ತಂದರು. 1980ರ ದಶಕದಲ್ಲಿ ಲಿಕ್ಟನ್‌ಸ್ಟೈನ್ ಅವರ ವಿಧಾನದಿಂದ ಕೃತಕ ಜಾಲರಿಯ ಬಳಕೆ ವ್ಯಾಪಕವಾಯಿತು.

ಜಾಲರಿಯಿಲ್ಲದ ಮಾರ್ಗವು ಅದರಿಂದ ಅಳಿಯಲಿಲ್ಲ. ಪುಣೆಯ ಮೋಹನ ದೇಸಾರ್ಡ 2001ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ರೋಗಿಯ ಹೊರಸ್ನಾಯುವಿನ ತಂತುಪಟಲದ ಒಂದು ಪಟ್ಟಿಯೇ ಬುಡದಿಂದ ಬೇರ್ಪಡದೆ ದುರ್ಬಲ ಭಿತ್ತಿಗೆ ಆಸರೆಯಾಗುತ್ತದೆ. ಪೋಲೆಂಡಿನಲ್ಲಿ 208 ಪುರುಷರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಸಾರ್ಡ ಹಾಗೂ ಲಿಕ್ಟನ್‌ಸ್ಟೈನ್ ಗುಂಪುಗಳಲ್ಲಿ ತಲಾ ಇಬ್ಬರಿಗೆ ರೋಗ ಮರುಕಳಿಸಿತು. ಆದರೆ ಒಂದೇ ಅಧ್ಯಯನದಿಂದ ನಿರ್ಣಯಕ್ಕೆ ಬರಲಾಗದು. 2018ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಜಾಲರಿ ಬಳಸಿದ ಪ್ರತಿ 46 ಶಸ್ತ್ರಕ್ರಿಯೆಗಳಿಗೆ ಒಂದು ಮರುಕಳಿಕೆ ತಪ್ಪುತ್ತದೆ. ಅದೇ ವರ್ಷದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಜಾಲರಿಗೆ ಮೊದಲ ಸ್ಥಾನ ನೀಡಿ, ಜಾಲರಿರಹಿತ ವಿಧಾನಗಳಲ್ಲಿ ಶೋಲ್ಡೈಸ್ ಕ್ರಮವನ್ನು ಶ್ರೇಷ್ಠವೆಂದಿದೆ.

ಅಡಕೆ ಮರವೇರುವ, ಮೂಟೆ ಹೊರುವ ಶ್ರಮಿಕರ ಮಲೆನಾಡಿನಲ್ಲಿ ಈ ಚರ್ಚೆ ಕೇವಲ ಶಾಸ್ತ್ರೀಯವಲ್ಲ. ದೇಹದಲ್ಲಿ ಶಾಶ್ವತವಾಗಿ ಉಳಿಯುವ ವಸ್ತುವನ್ನು ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ರೋಗಿಯದು. ಆ ಆಯ್ಕೆ ಅರ್ಥಪೂರ್ಣವಾಗಬೇಕಾದರೆ ಎರಡೂ ವಿಧಾನಗಳ ಲಾಭನಷ್ಟಗಳು ಅವನ ಭಾಷೆಯಲ್ಲಿ ಅವನಿಗೆ ತಿಳಿದಿರಬೇಕು, ಹೊಲಿಗೆಯ ವಿಧಾನಗಳಲ್ಲಿ ನುರಿತ ಕೈಗಳೂ ಉಳಿದಿರಬೇಕು. ಚಿಕಿತ್ಸೆಯು ದೀನರಿಗೂ ಸಲ್ಲಬೇಕೆಂಬ ಕೋಡಿಯಮಠದ ಆದರ್ಶಕ್ಕೆ ಇಂದಿನ ಅರ್ಥ ಒದಗುವುದು ಈ ಬಗೆಯಲ್ಲಿ.