ಪದವೀಧರರ ಉಪಾಧ್ಯಾಯಶಿಕ್ಷಣ: ಶಾಸ್ತ್ರವೂ ಪ್ರಯೋಗವೂ

ಶಾಸ್ತ್ರವನ್ನು ಬಲ್ಲವರೆಲ್ಲರೂ ಅದನ್ನು ಬೋಧಿಸಬಲ್ಲರೆಂಬ ನಿಯಮವಿಲ್ಲ. ‘ಮಾಲವಿಕಾಗ್ನಿಮಿತ್ರ’ದ ಪ್ರಥಮಾಂಕದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರಿಗೆ ವಿವಾದವುಂಟಾದಾಗ, ವಿದ್ಯೆಯುಳ್ಳವನೂ ವಿದ್ಯೆಯನ್ನು ಶಿಷ್ಯರಿಗೆ ಕೊಡಬಲ್ಲವನೂ ಬೇರೆಬೇರೆಯಾಗಿರಬಹುದೆಂಬ ವಿವೇಕವನ್ನು ಕಾಳಿದಾಸನು ಪರಿವ್ರಾಜಿಕೆಯಿಂದ ಹೇಳಿಸಿದ್ದಾನೆ. ಅಲ್ಲಿ ಆಚಾರ್ಯರ ತಾರತಮ್ಯವು ನಿರ್ಣಯವಾಗುವುದು ವಾದದಿಂದಲ್ಲ, ಶಿಷ್ಯೆಯ ಪ್ರಯೋಗದಿಂದ. ಪದವೀಧರರನ್ನು ಪ್ರೌಢಶಾಲೆಯ ಉಪಾಧ್ಯಾಯರನ್ನಾಗಿ ಸಿದ್ಧಪಡಿಸಲು ಭಾರತದಲ್ಲಿ ನಡೆದ ಯತ್ನಗಳನ್ನು ಪರಿಶೀಲಿಸಿದರೆ, ಅವೂ ಇದೇ ವಿವೇಕದ ಸುತ್ತ ತಿರುಗಿರುವುದು ತಿಳಿಯಬರುತ್ತದೆ.

೧೮೫೪ರ ವುಡ್‌ನ ವಿದ್ಯಾಶಾಸನವು ಉಪಾಧ್ಯಾಯರ ಶಿಕ್ಷಣಕ್ಕೆ ನಾರ್ಮಲ್ ಸ್ಕೂಲುಗಳು ಬೇಕೆಂದು ವಿಧಿಸಿತು. ತದನುಸಾರವಾಗಿ ೧೮೫೬ರಲ್ಲಿ ಮದರಾಸಿನಲ್ಲಿ ಸರ್ಕಾರಿ ನಾರ್ಮಲ್ ಸ್ಕೂಲು ಸ್ಥಾಪಿತವಾಯಿತು. ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜೆಂದು ಪ್ರಸಿದ್ಧವಾದ ಸಂಸ್ಥೆಯು ಇದೇ. ಮದರಾಸು ವಿಶ್ವವಿದ್ಯಾನಿಲಯವು ಜನಿಸಿದುದು ೧೮೫೭ರಲ್ಲಿ. ಆದುದರಿಂದ ಆ ಪ್ರಾಂತದಲ್ಲಿ ಪದವೀಧರರಿಗಿಂತ ಮೊದಲೇ ಉಪಾಧ್ಯಾಯಶಿಕ್ಷಣವು ಹುಟ್ಟಿತ್ತೆನ್ನಬೇಕು.

೧೮೮೨ರ ಹಂಟರ್ ಆಯೋಗದ ಕಾಲಕ್ಕೆ ಪ್ರೌಢಶಾಲೆಯ ಉಪಾಧ್ಯಾಯರಿಗೆಂದೇ ಇದ್ದ ಸಂಸ್ಥೆಗಳು ಮದರಾಸು, ಲಾಹೋರು ಎಂಬ ಎರಡೇ ಸ್ಥಳಗಳಲ್ಲಿ. ಬೋಧನೆಯ ತತ್ತ್ವ, ಪ್ರಯೋಗ ಎರಡರಲ್ಲಿಯೂ ಪರೀಕ್ಷೆ ನಡೆಯಬೇಕೆಂದೂ, ಅದರಲ್ಲಿ ಉತ್ತೀರ್ಣರಾದವರಿಗೇ ಖಾಯಂ ಉದ್ಯೋಗವೆಂದೂ ಆಯೋಗವು ಸೂಚಿಸಿತು. ಪದವೀಧರರಿಗಾದರೋ ಇತರರಿಗಿಂತ ಅಲ್ಪಾವಧಿಯ ಶಿಕ್ಷಣವೇ ಸಾಕೆಂದಿತು. ವಿಷಯಜ್ಞಾನವು ಬೋಧನಕಲೆಯ ಕೊರತೆಯನ್ನು ಕೊಂಚಮಟ್ಟಿಗಾದರೂ ತುಂಬೀತೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ. ೧೯೦೪ರ ಭಾರತ ಸರ್ಕಾರದ ನಿರ್ಣಯವು ಪದವೀಧರರಿಗೆ ಒಂದು ವರ್ಷ, ಇತರರಿಗೆ ಎರಡು ವರ್ಷವೆಂದು ಅವಧಿಯನ್ನು ಗೊತ್ತುಪಡಿಸಿತು. ಆದರೆ ಪ್ರತಿಯೊಂದು ಕಾಲೇಜಿಗೂ ಅಭ್ಯಾಸಶಾಲೆಯಿರಬೇಕು, ತತ್ತ್ವವು ಪ್ರಯೋಗದಿಂದ ಅಗಲಬಾರದು ಎಂದು ಒತ್ತಿಹೇಳಿದುದೇ ಆ ನಿರ್ಣಯದ ಸಾರ.

ಕನ್ನಡನಾಡಿಗೆ ಇದರಲ್ಲೊಂದು ವಿಶೇಷ ಕ್ಲೇಶವಿತ್ತು. ಮಂಗಳೂರು ಬಳ್ಳಾರಿಗಳು ಮದರಾಸು ಪ್ರಾಂತಕ್ಕೂ, ಧಾರವಾಡ ಬೆಳಗಾವಿ ಬಿಜಾಪುರಗಳು ಮುಂಬಯಿ ಪ್ರಾಂತಕ್ಕೂ ಸೇರಿದ್ದವು. ಮುಂಬಯಿಯಲ್ಲಿ ಇಂತಹ ಕಾಲೇಜು ತೆರೆದುದು ೧೯೦೬ರಲ್ಲಿ. ಸೈದಾಪೇಟೆಗೋ ಮುಂಬಯಿಗೋ ಹೋದ ಕನ್ನಡಿಗನು ತನ್ನ ಮೊದಲ ಪಾಠಗಳನ್ನು ಅನ್ಯಭಾಷೆಯ ಮಕ್ಕಳ ಮುಂದೆ ಒಪ್ಪಿಸಬೇಕಾಗಿತ್ತು. ತತ್ತ್ವವು ಎಲ್ಲಿ ಕಲಿತರೂ ಒಂದೇ, ಪ್ರಯೋಗವು ಹಾಗಲ್ಲ. ಮಗುವಿನ ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಅದರ ನುಡಿಯನ್ನರಿತವನೇ ಕಾಣಬಲ್ಲನು.

ಸ್ವಾತಂತ್ರ್ಯಾನಂತರ, ೧೯೬೩ರಲ್ಲಿ ಅಜಮೇರ, ಭೋಪಾಲ, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳು ಸ್ಥಾಪಿತವಾದವು. ವಿಷಯವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಒಟ್ಟಾಗಿ ಕಲಿಸುವ ಕ್ರಮವು ಇವುಗಳ ವೈಶಿಷ್ಟ್ಯ. ಪದವಿಯ ಮೇಲಣ ಬಿ. ಎಡ್. ವ್ಯಾಸಂಗವನ್ನು ೨೦೧೪ರ ನಿಯಮಾವಳಿಯು ಎರಡು ವರ್ಷಗಳಿಗೆ ಹೆಚ್ಚಿಸಿ, ಶಾಲೆಗಳಲ್ಲಿ ಒಟ್ಟು ೨೦ ವಾರಗಳ ಅನುಭವವನ್ನು ವಿಧಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ನಾಲ್ಕು ವರ್ಷದ ಸಂಯುಕ್ತ ಕ್ರಮಕ್ಕೆ ಪ್ರಾಧಾನ್ಯವನ್ನಿತ್ತರೂ, ಪದವೀಧರರ ಪ್ರತ್ಯೇಕ ಮಾರ್ಗವನ್ನು ಮುಚ್ಚಲಿಲ್ಲ.

ಹೀಗೆ ಶತಮಾನಕ್ಕೂ ಮಿಕ್ಕಿ ನಡೆದ ಚರ್ಚೆಯು ಬಹುಮಟ್ಟಿಗೆ ವರ್ಷಗಳ ಎಣಿಕೆಯಾಗಿದೆ. ಅವಧಿಯು ಪಾತ್ರೆ ಮಾತ್ರ. ಅದರೊಳಗಿನ ವಸ್ತು ಅಭ್ಯಾಸಶಾಲೆಯ ಪಾಠ. ಅನುಭವಿಯಾದ ಗುರುವು ಹಿಂದಿನ ಪೀಠದಲ್ಲಿ ಕುಳಿತು ಕೇಳಿ ತಿದ್ದದೆ ಹೋದರೆ, ಎರಡು ವರ್ಷಗಳೂ ಗ್ರಂಥಪಠನದಲ್ಲಿಯೇ ಕಳೆದುಹೋಗುವುವು. ಆ ನಷ್ಟವನ್ನು ತೆರುವವರು ಪದವೀಧರರಲ್ಲ, ಅವರ ಕೈಗೆ ಬರುವ ಮಕ್ಕಳು.